ಮುದ್ದೆ ನುಂಗಿ ಬೆಳೆದವನು ಅಗಿಯುವುದನ್ನು ಕಲಿಯಬೇಕಾಗಿದೆ: ತೂಕದ ಆಪರೇಷನ್‌ಗೆ ಮೂರು ವಾರ ಉಳಿದಿದೆ

ಚಳ್ಳಕೆರೆಯವನು | ಜನವರಿ 12, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಹುಟ್ಟಿದ್ದು ಚಳ್ಳಕೆರೆ ಕಡೆಯ ಹಳ್ಳಿಯಲ್ಲಿ, ಹದಿನಾರು ವರ್ಷಗಳಿಂದ ದಾವಣಗೆರೆಯಲ್ಲಿದ್ದೇನೆ. ಮಂಡಿಪೇಟೆಯ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಿಗ್ಗೆ ಕುಳಿತವನು ಏಳುವುದು ರಾತ್ರಿ ಬಾಗಿಲು ಹಾಕುವಾಗಲೇ. ತೂಕ 128 ಕೆ.ಜಿ., ಎತ್ತರ 170 ಸೆಂ.ಮೀ. ಆರು ವರ್ಷಗಳಿಂದ ಸಕ್ಕರೆ ಕಾಯಿಲೆ. ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ ಎಂದು ಮೂಗಿಗೆ ಯಂತ್ರ ಹಾಕಿಕೊಂಡು ಮಲಗುತ್ತೇನೆ. ಎಲ್ಲ ಬಗೆಯ ಪಥ್ಯ ಮಾಡಿ, ಇಳಿಸಿದ್ದನ್ನೆಲ್ಲ ಮತ್ತೆ ಏರಿಸಿಕೊಂಡು, ಕೊನೆಗೆ ಹೊಟ್ಟೆಯ ಚೀಲವನ್ನು ಕತ್ತರಿಸಿ ಚಿಕ್ಕದು ಮಾಡುವ ಸ್ಲೀವ್ ಶಸ್ತ್ರಚಿಕಿತ್ಸೆಗೆ ಒಪ್ಪಿದ್ದೇನೆ. ಫೆಬ್ರವರಿ 3ಕ್ಕೆ ದಿನ ಗೊತ್ತಾಗಿದೆ.

ಆಪರೇಷನ್ ಎಂದರೆ ಭಯವಿಲ್ಲ. ಊಟ ಎಂದರೆ ಇದೆ. ಆಪರೇಷನ್‌ಗೂ ಮೊದಲಿನ ಎರಡು ವಾರ ಅನ್ನ, ಮುದ್ದೆ, ಚಪಾತಿ ಯಾವುದೂ ಬೇಡ ಎಂದಿದ್ದಾರೆ. ಅದನ್ನು ಹೇಗೋ ಹಲ್ಲು ಕಚ್ಚಿ ಮುಗಿಸುತ್ತೇನೆ. ಆದರೆ ಆಮೇಲೆ ಜೀವನಪೂರ್ತಿ ಪ್ರತಿ ತುತ್ತನ್ನೂ ಇಪ್ಪತ್ತು, ಮೂವತ್ತು ಸಲ ಅಗಿಯಬೇಕಂತೆ. ನಾನು ಮುದ್ದೆ ತಿಂದು ಬೆಳೆದವನು. ಚಿಕ್ಕವನಿದ್ದಾಗ ಮುದ್ದೆ ಅಗಿದರೆ ಅವ್ವ ತಲೆಗೆ ಮೊಟಕುತ್ತಿದ್ದಳು. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕು, ಹಲ್ಲಿಗೆ ತಾಗಬಾರದು. ಅನ್ನವನ್ನೂ ದೋಸೆಯನ್ನೂ ಹಾಗೆಯೇ ನುಂಗುತ್ತಿದ್ದೇನೆ ಎಂದು ಈಗ ಗಮನಕ್ಕೆ ಬಂದಿದೆ. ನಿನ್ನೆ ಗಡಿಯಾರ ನೋಡಿದೆ: ಎರಡು ಮುದ್ದೆ, ಒಂದು ತಟ್ಟೆ ಅನ್ನ, ಏಳು ನಿಮಿಷ.

ಇನ್ನೊಂದು ಮಾತು. "ಇನ್ನು ಮುಂದೆ ತಿನ್ನಲಿಕ್ಕಾಗುವುದಿಲ್ಲ, ಈಗಲೇ ಮನಸಾರೆ ತಿಂದುಬಿಡು" ಎಂದು ಗೆಳೆಯರು ದಿನಕ್ಕೊಬ್ಬರಂತೆ ಬೆಣ್ಣೆ ದೋಸೆಗೆ ಕರೆದೊಯ್ಯುತ್ತಿದ್ದಾರೆ. ಇದು ಸರಿಯೇ? ಮಾಡಿಸಿಕೊಂಡವರು ದಯವಿಟ್ಟು ಬರೆಯಿರಿ.

ದುರ್ಗದ ಟೀಚರ್ | ಜನವರಿ 12, ರಾತ್ರಿ 11:05

ತಮ್ಮಾ, ಮೊದಲು ಆ ದೋಸೆಯ ಮೆರವಣಿಗೆ ನಿಲ್ಲಿಸಿ. ನನಗೆ ಸ್ಲೀವ್ ಆಗಿ ಮೂರು ವರ್ಷವಾಯಿತು. ನಾನೂ ಹೀಗೆಯೇ ಹತ್ತು ದಿನ ವಿದಾಯದ ಊಟ ಮಾಡಿ ಮೂರು ಕೆ.ಜಿ. ಏರಿಸಿಕೊಂಡೆ. ಶಸ್ತ್ರಚಿಕಿತ್ಸಕರು ಸ್ಕ್ಯಾನ್ ನೋಡಿ ದಿನಾಂಕವನ್ನೇ ಮುಂದಕ್ಕೆ ಹಾಕಿದರು. ಕಾರಣ ಕೇಳಿ: ಪಿತ್ತಜನಕಾಂಗದ ಎಡಭಾಗ ಹೊಟ್ಟೆಯ ಚೀಲದ ಮೇಲೆಯೇ ಒರಗಿಕೊಂಡಿರುತ್ತದೆ. ನಮ್ಮಂಥವರಲ್ಲಿ ಅದರೊಳಗೆ ಕೊಬ್ಬು ತುಂಬಿ ದಪ್ಪಗಾಗಿರುತ್ತದೆ. ಸಣ್ಣ ರಂಧ್ರಗಳಿಂದ ಉಪಕರಣ ಇಳಿಸಿ ಕೆಲಸ ಮಾಡುವ ವೈದ್ಯರು ಅದನ್ನು ಮೇಲಕ್ಕೆತ್ತಿ ಹಿಡಿಯಬೇಕು. ಪಿಷ್ಟ, ಸಕ್ಕರೆ, ಎಣ್ಣೆ ಎರಡು ವಾರ ಕಡಿಮೆಯಾದರೆ ಅದು ಕುಗ್ಗಿ ಮೆತ್ತಗಾಗುತ್ತದೆ, ಅವರಿಗೆ ಜಾಗ ಸಿಗುತ್ತದೆ. ಆ ಎರಡು ವಾರದ ಪಥ್ಯ ನಿಮ್ಮನ್ನು ಪರೀಕ್ಷಿಸಲಿಕ್ಕೆ ಇಟ್ಟದ್ದು ಎಂದುಕೊಳ್ಳಬೇಡಿ. ಅದು ನಿಮ್ಮ ಪ್ರಾಣದ ರಕ್ಷಣೆಗೆ ಇರುವುದು.

ಇನ್ನು ಅಗಿಯುವ ಮಾತು. ಅದನ್ನು ಈ ಮೂರು ವಾರದಲ್ಲಿಯೇ ಕಲಿಯಿರಿ, ಆಮೇಲೆ ಕಲಿಯಲು ಹೋದರೆ ನೋವಿನಿಂದ ಕಲಿಯಬೇಕಾಗುತ್ತದೆ. ಸ್ಲೀವ್ ಆದಾಗ ಹೊಟ್ಟೆಯ ಚೀಲದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯಂಥ ಒಂದು ಕೊಳವೆ, ನೂರು-ನೂರೈವತ್ತು ಮಿಲಿಲೀಟರ್ ಹಿಡಿಸುವಷ್ಟು. ಅದರೊಳಕ್ಕೆ ಅಗಿಯದ ತುತ್ತೊಂದು ಇಳಿದು ಸಿಕ್ಕಿಕೊಂಡರೆ ಎದೆಯ ನಡುವೆ ಕಲ್ಲು ಕೂತ ಹಾಗಾಗುತ್ತದೆ, ಬಾಯಲ್ಲಿ ನೊರೆಯಂಥ ಜೊಲ್ಲು ತುಂಬುತ್ತದೆ, ಅದು ಹೊರಬರುವವರೆಗೆ ಬಿಡುಗಡೆಯಿಲ್ಲ. ಆರನೆಯ ವಾರ ಒಂದೇ ಒಂದು ತುಂಡು ಚಪಾತಿಗೆ ನಾನು ಮುಕ್ಕಾಲು ಗಂಟೆ ಬಚ್ಚಲ ಬಾಗಿಲಲ್ಲಿ ಕುಳಿತಿದ್ದೆ.

ನಾನು ಅಭ್ಯಾಸ ಮಾಡಿದ್ದು ಹೀಗೆ: ತಟ್ಟೆಯ ಬದಲು ಬಟ್ಟಲು, ಕೈಯ ಬದಲು ಮಗುವಿನ ಚಮಚ. ಒಂದು ತುತ್ತು ಬಾಯಿಗಿಟ್ಟ ಮೇಲೆ ಚಮಚ ಕೆಳಗಿಡಬೇಕು. ಅದು ಪೂರ್ತಿ ಹೊಟ್ಟೆಗೆ ಇಳಿದ ಮೇಲೆಯೇ ಮತ್ತೆ ಎತ್ತಬೇಕು. ಮೊದಲ ಮೂರು ದಿನ ಕೈ ತಾನಾಗಿಯೇ ಚಮಚದ ಕಡೆಗೆ ಹೋಗುತ್ತಿತ್ತು. ಎಡಗೈಯಲ್ಲಿ ಬಲಗೈ ಹಿಡಿದುಕೊಳ್ಳುತ್ತಿದ್ದೆ. ಊಟದ ಪಕ್ಕದಿಂದ ನೀರಿನ ಲೋಟವನ್ನೂ ಎತ್ತಿಡಿ. ನಮ್ಮ ಮನೆಗಳಲ್ಲಿ ಎಲೆ ಹಾಕುವ ಮೊದಲೇ ಲೋಟ ಬಂದು ಕೂರುತ್ತದೆ, ಗಂಟಲಿಗೆ ಅಂಟಿದ್ದನ್ನು ನೀರಿನಿಂದ ತಳ್ಳುವುದು ನಮಗೆ ರೂಢಿ. ಮುಂದೆ ಊಟಕ್ಕೂ ನೀರಿಗೂ ನಡುವೆ ಅರ್ಧ ಗಂಟೆ ಬಿಡಬೇಕಾಗುತ್ತದೆ.

ಪಥ್ಯಾಹಾರ ದಾವಣಗೆರೆ | ಜನವರಿ 13, ಬೆಳಿಗ್ಗೆ 7:30

ನಾನು ಆಹಾರ ತಜ್ಞೆ. ಟೀಚರ್ ಹೇಳಿದ್ದರಲ್ಲಿ ಸೇರಿಸಬೇಕಾದ, ಬಹಳ ಮುಖ್ಯವಾದ ಒಂದು ವಿಷಯ. ನಿಮಗೆ ಸಕ್ಕರೆ ಕಾಯಿಲೆ ಇದೆ ಎಂದಿರಿ. ಅನ್ನ, ಮುದ್ದೆ ನಿಲ್ಲಿಸಿ ಮಾತ್ರೆ ಅಥವಾ ಇನ್ಸುಲಿನ್ ಅನ್ನು ಹಳೆಯ ಪ್ರಮಾಣದಲ್ಲಿಯೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಪಥ್ಯ ಶುರು ಮಾಡುವ ಮುನ್ನವೇ ವೈದ್ಯರಿಗೆ ನಿಮ್ಮ ಮಾತ್ರೆಗಳ ಚೀಟಿ ತೋರಿಸಿ, ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ಬರೆಸಿಕೊಳ್ಳಿ. ಬೀಡಿ, ಸಿಗರೇಟು, ಗುಟ್ಕಾ ಇದ್ದರೆ ಇವತ್ತೇ ಬಿಡಿ. ಹೊಲಿಗೆ ಮಾಯುವುದು ನಿಧಾನವಾಗುತ್ತದೆ.

ಆಮೇಲಿನ ಹಂತಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬದಲಾಗುತ್ತವೆ. ಸಾಮಾನ್ಯವಾಗಿ ಮೊದಲ ಒಂದೆರಡು ದಿನ ತಿಳಿ ದ್ರವ, ಆಮೇಲೆ ಸುಮಾರು ಎರಡು ವಾರ ಹಾಲು, ಮಜ್ಜಿಗೆ, ಸೋಸಿದ ಬೇಳೆಕಟ್ಟು, ಪ್ರೋಟೀನ್ ಪುಡಿಯ ಪಾನೀಯ. ಮೂರು ಮತ್ತು ನಾಲ್ಕನೆಯ ವಾರ ನುಣ್ಣಗೆ ಅರೆದದ್ದು. ಐದರಿಂದ ಎಂಟನೆಯ ವಾರದವರೆಗೆ ಬೆರಳಲ್ಲಿ ಒತ್ತಿದರೆ ಹಿಸುಕಿ ಹೋಗುವಂಥ ಮೆತ್ತಗಿನ ಆಹಾರ. ರಾಗಿಯನ್ನು ನೀರಾದ ಅಂಬಲಿಯಾಗಿ ಸೋಸಿ ಕುಡಿಯಬಹುದು, ಆದರೆ ಪ್ರೋಟೀನಿನ ಪಾಲು ಮುಗಿದ ಮೇಲೆ. ಮುದ್ದೆ ಮಾತ್ರ ಮೊದಲ ಮೂರು ತಿಂಗಳು ಬೇಡ. ಅದು ಅಂಟು, ಗಟ್ಟಿ, ಮೇಲಾಗಿ ನಿಮಗೆ ನುಂಗುವ ಅಭ್ಯಾಸ.

ವಿದ್ಯಾನಗರದಿಂದ | ಜನವರಿ 13, ಸಂಜೆ 6:15

ಬೇಸರ ಮಾಡಿಕೊಳ್ಳಬೇಡಿ, ನೇರವಾಗಿ ಕೇಳುತ್ತೇನೆ. ದೇವರು ಕೊಟ್ಟ ಹೊಟ್ಟೆಯನ್ನು ಕತ್ತರಿಸಿ ಎಸೆಯುವುದು ಯಾಕೆ? ನಾನು ಕುಂದುವಾಡ ಕೆರೆಯ ಸುತ್ತ ದಿನಾ ನಡೆದು ಒಂದೂವರೆ ವರ್ಷದಲ್ಲಿ 14 ಕೆ.ಜಿ. ಇಳಿಸಿದ್ದೇನೆ. ಮನಸ್ಸು ಗಟ್ಟಿಯಿದ್ದರೆ ಸಾಲದೇ?

ಹರಿಹರದ ಅಂಗಡಿ | ಜನವರಿ 13, ರಾತ್ರಿ 8:50

ಸರ್, ನಿಮ್ಮ 14 ಕೆ.ಜಿ.ಗೆ ನಿಜವಾಗಿಯೂ ಗೌರವವಿದೆ. ಆದರೆ ಮನಸ್ಸು ಗಟ್ಟಿಯಿಲ್ಲ ಎನ್ನುವ ಮಾತನ್ನು ನಾನು ಇಪ್ಪತ್ತು ವರ್ಷ ಕೇಳಿದ್ದೇನೆ, ಅದು ನನ್ನನ್ನು ಆಸ್ಪತ್ರೆಯಿಂದ ದೂರವೇ ಇಟ್ಟಿತು. ತುಂಬಾ ತೂಕ ಇಳಿಸಿದಾಗ ದೇಹ ಹಸಿವನ್ನು ಹೆಚ್ಚಿಸಿ, ಶಕ್ತಿಯ ಖರ್ಚನ್ನು ಕಡಿಮೆ ಮಾಡಿ, ಹಳೆಯ ತೂಕಕ್ಕೇ ಎಳೆಯುತ್ತದೆ. ಗ್ರೆಲಿನ್ ಎನ್ನುವ ಹಸಿವಿನ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಸ್ಲೀವ್‌ನಲ್ಲಿ ತೆಗೆದುಹಾಕುವ ಭಾಗದಲ್ಲಿಯೇ. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ ಇಲ್ಲದಿರಲಿ ಈ ಶಸ್ತ್ರಚಿಕಿತ್ಸೆ ಶಿಫಾರಸು ಮಾಡಬಹುದೆಂದು 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೊಜ್ಜು ಶಸ್ತ್ರಚಿಕಿತ್ಸಕರ ಸಂಘಗಳು ಸೇರಿ ಹೇಳಿವೆ, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಎಂದೂ ಹೇಳಿವೆ. ಚಳ್ಳಕೆರೆಯ ಅಣ್ಣನದು ಲೆಕ್ಕ ಹಾಕಿದರೆ 44. ನನಗೆ ಬೈಪಾಸ್ (ಹೃದಯದ್ದಲ್ಲ, ಹೊಟ್ಟೆಯ ಚೀಲವನ್ನು ಪುಟ್ಟದು ಮಾಡಿ ನೇರವಾಗಿ ಕರುಳಿಗೆ ಜೋಡಿಸುವ ಇನ್ನೊಂದು ಬಗೆಯ ತೂಕದ ಆಪರೇಷನ್) ಆಗಿ ಐದು ವರ್ಷ. ಈಗ ನಾನೂ ನಡೆಯುತ್ತೇನೆ. ಮೊದಲು ಮಂಡಿ ಅದಕ್ಕೆ ಬಿಡುತ್ತಿರಲಿಲ್ಲ.

ವಿದ್ಯಾನಗರದಿಂದ | ಜನವರಿ 13, ರಾತ್ರಿ 9:20

ತಿಳಿಯದೆ ಕೇಳಿದೆ, ಕ್ಷಮಿಸಿ. ಚಳ್ಳಕೆರೆಯವರೇ, ವೈದ್ಯರು ನಡೆಯಲು ಹೇಳಿದ ದಿನ ತಿಳಿಸಿ. ಬೆಳಿಗ್ಗೆ 6ಕ್ಕೆ ಗಾಜಿನ ಮನೆಯ ಹತ್ತಿರ ಇರುತ್ತೇನೆ, ನಿಧಾನವಾಗಿಯೇ ಹೋಗೋಣ.

ಬೇಳೆಕಾಳು | ಜನವರಿ 15, ಮಧ್ಯಾಹ್ನ 2:10

ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ತರುವುದಿಲ್ಲ. ನನಗೆ ಮಾರ್ಚ್‌ನಲ್ಲಿ ಶಸ್ತ್ರಚಿಕಿತ್ಸೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕೇ ಬೇಕು ಎನ್ನುತ್ತಾರೆ. ಬೇಳೆ ತಿಂದರೆ ಸಾಲುವುದಿಲ್ಲವೇ ಮೇಡಂ?

ಪಥ್ಯಾಹಾರ ದಾವಣಗೆರೆ | ಜನವರಿ 15, ರಾತ್ರಿ 10:00

ಬೇಳೆಯೊಂದೇ ಸಾಲುವುದಿಲ್ಲ. ನೂರು ಗ್ರಾಂ ಒಣ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ, ನಿಜ. ಆದರೆ ಬೇಯಿಸಿದಾಗ ಅದು ನೀರು ಕುಡಿದು ಉಬ್ಬುತ್ತದೆ. ನಿಮ್ಮ ಪುಟ್ಟ ಬಟ್ಟಲಿಗೆ ಬರುವುದು ಐದಾರು ಗ್ರಾಂ ಮಾತ್ರ. ತಿಳಿ ಸಾರಿನಲ್ಲಿ ಅದೂ ಇಲ್ಲ. ಅರ್ಧ ಲೀಟರ್ ಹಾಲನ್ನು ದಿನವಿಡೀ ಹಂಚಿಕೊಂಡರೆ 16 ಗ್ರಾಂ. ಐವತ್ತು ಗ್ರಾಂ ಪನೀರ್‌ನಿಂದ 9. ಒಂದು ಬಟ್ಟಲು ಮೊಸರಿನಿಂದ ಮೂರು-ನಾಲ್ಕು. ಉಳಿದದ್ದನ್ನು ಹಾಲಿನಿಂದ ತೆಗೆದ ಪ್ರೋಟೀನ್ ಪುಡಿಯ ಒಂದು ಅಳತೆ ತುಂಬುತ್ತದೆ, ಸಾಮಾನ್ಯವಾಗಿ 24 ಗ್ರಾಂ ಆಸುಪಾಸು, ಡಬ್ಬಿಯ ಮೇಲೆ ಓದಿ. ಪುಡಿಯನ್ನು ಮೊದಲ ತಿಂಗಳುಗಳಲ್ಲಿ ಔಷಧಿಯೆಂದೇ ತಿಳಿಯಿರಿ. ಮೆತ್ತಗಿನ ಆಹಾರದ ಹಂತಕ್ಕೆ ಬಂದ ಮೇಲೆ ಸೋಯಾ ಚಂಕ್ಸ್ ಅನ್ನು ನೆನೆಸಿ, ಹಿಂಡಿ, ಪುಡಿ ಮಾಡಿ ಪಲ್ಯಕ್ಕೆ ಸೇರಿಸಬಹುದು. ತಟ್ಟೆಯಲ್ಲಿ ಏನೇ ಇರಲಿ, ಮೊದಲ ತುತ್ತು ಪ್ರೋಟೀನಿನದಾಗಿರಲಿ. ಅನ್ನಕ್ಕೆ ಕೈ ಹಾಕುವ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ.

ಹೊಸದುರ್ಗದ ಅಕ್ಕ | ಜನವರಿ 16, ರಾತ್ರಿ 11:40

ಇದನ್ನು ಬರೆಯಲು ಕೈ ನಡುಗುತ್ತದೆ, ಆದರೂ ಬರೆಯಬೇಕು. ನನ್ನ ತಮ್ಮನಿಗೆ 34 ವರ್ಷವಿದ್ದಾಗ ಸ್ಲೀವ್ ಆಯಿತು. ಎರಡನೆಯ ವಾರದಿಂದ ದಿನಾ ವಾಂತಿ. "ಹೊಟ್ಟೆ ಚಿಕ್ಕದಾಗಿದೆ, ವಾಂತಿ ಆಗುವುದೇ" ಎಂದು ನಾವೆಲ್ಲರೂ ಅಂದುಕೊಂಡೆವು. ವಿಟಮಿನ್ ಮಾತ್ರೆಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಆಸ್ಪತ್ರೆಗೆ ಫೋನ್ ಮಾಡಲಿಲ್ಲ. ತೂಕ ಇಳಿಯುತ್ತಿದೆಯಲ್ಲ ಎಂದು ಸಮಾಧಾನಪಟ್ಟೆವು. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಗೋಡೆ ಹಿಡಿದು ನಡೆದ. ಒಂದು ದೀಪ ಎರಡಾಗಿ ಕಾಣುತ್ತಿದೆ ಅಕ್ಕಾ ಎಂದ. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಅಮ್ಮ ಎಂದು ಕರೆಯತೊಡಗಿದ.

ಅವತ್ತು ಕರ್ತವ್ಯದಲ್ಲಿದ್ದ ವೈದ್ಯೆ ವಾಂತಿಯ ಕಥೆ ಕೇಳಿದ ಕೂಡಲೇ ಬಿ1 ವಿಟಮಿನ್ (ಥಯಾಮಿನ್) ಕೊರತೆ ಎಂದು ಗುರುತಿಸಿ, ಗ್ಲೂಕೋಸ್ ಹಾಕುವ ಮುಂಚೆ ಥಯಾಮಿನ್ ಅನ್ನು ರಕ್ತನಾಳಕ್ಕೆ ಕೊಟ್ಟರು. ದೇಹದಲ್ಲಿ ಅದರ ದಾಸ್ತಾನು ಎರಡು-ಮೂರು ವಾರಕ್ಕಿಂತ ಹೆಚ್ಚು ಇರುವುದಿಲ್ಲವಂತೆ. ಕಣ್ಣು ಕೆಲವೇ ದಿನಗಳಲ್ಲಿ ಸರಿಹೋಯಿತು. ಅಂಗಾಲಿನ ಉರಿ ಹೋಗಲು ತಿಂಗಳುಗಳೇ ಬೇಕಾದವು. ಕೈಮುಗಿದು ಕೇಳುತ್ತೇನೆ, ಎರಡು ದಿನ ಬಿಡದೆ ವಾಂತಿಯಾದರೆ ಮೂರನೆಯ ದಿನಕ್ಕೆ ಕಾಯಬೇಡಿ.

ಚಳ್ಳಕೆರೆಯವನು | ಜನವರಿ 27, ರಾತ್ರಿ 10:15

ಅಕ್ಕ, ನಿಮ್ಮ ಬರಹವನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಅವಳು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಾಳೆ.

ಪಥ್ಯಕ್ಕೆ ಇಂದು ಎಂಟನೆಯ ದಿನ. ವೈದ್ಯರು ಒಂದು ಸಕ್ಕರೆ ಮಾತ್ರೆ ನಿಲ್ಲಿಸಿ, ಇನ್ನೊಂದನ್ನು ಅರ್ಧ ಮಾಡಿದ್ದಾರೆ. ಮೊದಲ ಮೂರು ದಿನ ತಲೆನೋವು, ಅಂಗಡಿಯಲ್ಲಿ ಎಲ್ಲರ ಮೇಲೂ ಸಿಡುಕಿದೆ. ನಾಲ್ಕನೆಯ ದಿನದಿಂದ ಆಶ್ಚರ್ಯ, ಹಸಿವೇ ತಗ್ಗಿದೆ. ಮೊಟ್ಟೆಯ ಬಿಳಿಭಾಗ, ಸೌತೆಕಾಯಿ, ಬೇಯಿಸಿದ ಹುರುಳಿಕಾಯಿ, ಪನೀರ್, ಮಜ್ಜಿಗೆ. ಚಮಚ ಕೆಳಗಿಡುವ ಅಭ್ಯಾಸ ಮಾಡುತ್ತಿದ್ದೇನೆ. ಊಟಕ್ಕೆ ಈಗ ಹದಿನೆಂಟು ನಿಮಿಷ.

ದುರ್ಗದ ಟೀಚರ್ | ಜನವರಿ 27, ರಾತ್ರಿ 10:50

ಏಳರಿಂದ ಹದಿನೆಂಟು! ಓದಿ ಕಣ್ಣು ತುಂಬಿತು ತಮ್ಮಾ.

ಆಪರೇಷನ್ ಮುಗಿಸಿ ಮನೆಗೆ ಬಂದ ಮೊದಲ ವಾರಕ್ಕೆ ಒಂದು ಮಾತು. ದೊಡ್ಡ ಲೋಟದಿಂದ ಕುಡಿಯಬೇಡಿ, ಗುಟುಕು ದೊಡ್ಡದಾಗಿ ಎದೆ ಹಿಡಿಯುತ್ತದೆ. ನಾನು ಒದ್ದಾಡುವುದನ್ನು ನೋಡಿ ನಮ್ಮಮ್ಮ ಟ್ರಂಕಿನ ತಳದಿಂದ ಒಂದು ಬೆಳ್ಳಿಯ ಒಳಲೆ ತೆಗೆದರು. ನನಗೆ ಹಾಲು ಕುಡಿಸಿದ ಒಳಲೆ, ಮೂತಿಯ ಹತ್ತಿರ ಸ್ವಲ್ಪ ನೆಗ್ಗಿದೆ. ಅದನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಬಿಸಿನೀರಿನಲ್ಲಿ ಕುದಿಸಿ, ಹೆಸರುಬೇಳೆಯ ಕಟ್ಟನ್ನು ಅದರಲ್ಲಿ ತುಂಬಿ ಕೈಗೆ ಕೊಟ್ಟರು. ಒಂದು ಒಳಲೆ ಮುಗಿಸಲು ಹತ್ತು ನಿಮಿಷ. ಗಂಟೆಗೆ ಇಷ್ಟು ಎಂದು ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಿದ್ದರು. ನಲವತ್ತೆರಡು ವರ್ಷದ ಮಗಳನ್ನು ಎರಡನೆಯ ಸಲ ಕೂಸಿನಂತೆ ಸಾಕಿದರು. ನಿಮ್ಮ ಮನೆಯಲ್ಲಿ ಒಳಲೆ ಇಲ್ಲದಿದ್ದರೆ ಕೆಮ್ಮಿನ ಔಷಧಿಯ ಅಳತೆ ಮುಚ್ಚಳ ಸಾಕು.

ಚಳ್ಳಕೆರೆಯವನು | ಫೆಬ್ರವರಿ 13, ಸಂಜೆ 5:30

ಆಪರೇಷನ್ ಆಗಿ ಹತ್ತು ದಿನ. ಪಿತ್ತಜನಕಾಂಗ ಚೆನ್ನಾಗಿ ಕುಗ್ಗಿತ್ತು ಎಂದು ಶಸ್ತ್ರಚಿಕಿತ್ಸಕರೇ ಹೇಳಿದರು. ದ್ರವಾಹಾರ ನಡೆದಿದೆ. ವಾಂತಿಯಿಲ್ಲ, ಹೊಟ್ಟೆಯಲ್ಲಿ ಹಸಿವೂ ಇಲ್ಲ. ಆದರೆ ಸಂಜೆ ಐದಕ್ಕೆ ಬೀದಿಯಲ್ಲಿ ಮಿರ್ಚಿ ಕರಿಯುವ ವಾಸನೆ ಬಂದರೆ ಬಾಯಿ ಚಡಪಡಿಸುತ್ತದೆ. ಹಸಿವಿಲ್ಲದವನಿಗೆ ಈ ಆಸೆ ಎಲ್ಲಿಂದ? ಇನ್ನೊಂದು ಸಂಕಟ: ನನ್ನ ಹೆಂಡತಿ ಸರಿಯಾಗಿ ಊಟ ಮಾಡುತ್ತಿಲ್ಲ. ನನ್ನೆದುರು ತಟ್ಟೆ ಇಟ್ಟುಕೊಳ್ಳಲು ಅವಳಿಗೆ ಮನಸ್ಸಾಗುತ್ತಿಲ್ಲವಂತೆ.

ಹರಿಹರದ ಅಂಗಡಿ | ಫೆಬ್ರವರಿ 13, ರಾತ್ರಿ 9:00

ಅಣ್ಣ, ಅವರನ್ನು ಪಕ್ಕದಲ್ಲಿಯೇ ಕೂರಿಸಿಕೊಂಡು ಉಣ್ಣಲು ಹೇಳಿ, ನೀವು ನಿಮ್ಮ ಮುಚ್ಚಳ ಹಿಡಿದು ಕೂರಿ. ನಮ್ಮ ಮನೆಯಲ್ಲಿ ಒಂದು ತಿಂಗಳು ಎಲ್ಲರೂ ಕದ್ದು ಉಂಡರು. ಅಮ್ಮ ಬಡಿಸಿದ್ದನ್ನು ಮಗ ಉಣ್ಣುವುದಿಲ್ಲ ಎನ್ನುವುದು ಮನೆಯೊಳಗೆ ಸೂತಕದ ಹಾಗೆ ಕೂತಿತ್ತು. ಕೊನೆಗೆ ಅಮ್ಮನಿಗೆ ನನ್ನ ಬೇಳೆಕಟ್ಟು ಸೋಸುವ ಕೆಲಸ ಕೊಟ್ಟೆ. ಅವರ ಮುಖದಲ್ಲಿ ಕಳೆ ಬಂತು.

ಆಸೆಯ ವಿಷಯ: ಅದು ಹೊಟ್ಟೆಯದಲ್ಲ, ಆ ಗಳಿಗೆಯದು. ಐದು ಗಂಟೆಗೆ ಆ ಬೀದಿಯಲ್ಲಿ ಇರಬೇಡಿ, ಅಷ್ಟೇ. ನಾನು ಆ ಹೊತ್ತಿಗೆ ಅಂಗಡಿಯ ಹಿಂದಿನ ಗೋದಾಮಿಗೆ ಹೋಗಿ ಚೀಲ ಎಣಿಸುತ್ತಿದ್ದೆ.

ದುರ್ಗದ ಟೀಚರ್ | ಫೆಬ್ರವರಿ 14, ಬೆಳಿಗ್ಗೆ 6:20

ಮಂಡಕ್ಕಿಯ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ಎರಡನೆಯ ವರ್ಷ ನನಗೆ ಆರು ಕೆ.ಜಿ. ಮರಳಿ ಬಂತು, ಬಂದದ್ದು ಮಂಡಕ್ಕಿಯಿಂದ. ಕೋಳಿ, ಮೊಟ್ಟೆ, ಕಾಳು ನಾಲ್ಕು ತುತ್ತಿಗೆ ಹೊಟ್ಟೆ ಹಿಡಿಯುತ್ತವೆ. ಮಂಡಕ್ಕಿ ಬಾಯಲ್ಲಿಯೇ ಕರಗಿ ಸರಸರನೆ ಜಾರುತ್ತದೆ, ಎಷ್ಟು ತಿಂದರೂ ತುಂಬಿದಂತೆ ಆಗುವುದಿಲ್ಲ. ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಮ್ ಕೂಡ ಇದೇ ಜಾತಿ. ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಾ ಒಂದು ಪೊಟ್ಟಣ ಮುಗಿದದ್ದೇ ತಿಳಿಯುತ್ತಿರಲಿಲ್ಲ. ಈಗ ಮೇಜಿನ ಮೇಲೆ ತಿನ್ನುವ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ನಾಲ್ಕು ಕೆ.ಜಿ. ಇಳಿದಿದೆ.

ಹರಿಹರದ ಅಂಗಡಿ | ಮಾರ್ಚ್ 29, ರಾತ್ರಿ 8:10

ನಾಳೆ ಯುಗಾದಿ, ಅದಕ್ಕೇ ಬರೆಯುತ್ತಿದ್ದೇನೆ. ಬೈಪಾಸ್ ಆದವರು ಹೋಳಿಗೆ, ಪಾಯಸದ ಮುಂದೆ ಎಚ್ಚರವಾಗಿರಿ. ನಮ್ಮಲ್ಲಿ ಹೊಟ್ಟೆಯ ಚೀಲ ಸುಮಾರು 30 ಮಿಲಿಲೀಟರ್. ಸಿಹಿ ಅಲ್ಲಿ ನಿಲ್ಲದೆ ನೇರವಾಗಿ ಕರುಳಿಗೆ ಸುರಿಯುತ್ತದೆ. ಮೊದಲ ವರ್ಷ ಮದುವೆಯೊಂದರಲ್ಲಿ ಪಂಕ್ತಿಗೆ ಕುಳಿತಾಗ ಅತ್ತೆ ಒತ್ತಾಯ ಮಾಡಿದರು, ಅರ್ಧ ಹೋಳಿಗೆ ತಿಂದೆ. ಇಪ್ಪತ್ತು ನಿಮಿಷಕ್ಕೆ ಅಂಗಿ ಒದ್ದೆಯಾಗುವಷ್ಟು ಬೆವರು, ಎದೆ ಢವಢವ, ಹೊಟ್ಟೆ ಹಿಂಡಿತು. ಕಲ್ಯಾಣ ಮಂಟಪದ ಚಾಪೆಯ ಮೇಲೆಯೇ ಮಲಗಿಬಿಟ್ಟೆ. ಬೇವಿನ ಜೊತೆಗೆ ಒಂದು ಚೂರು ಬೆಲ್ಲ ನಾಲಿಗೆಗೆ ಮುಟ್ಟಿಸಿಕೊಂಡರೆ ಹಬ್ಬ ಆಯಿತು.

ಬೇಳೆಕಾಳು | ಏಪ್ರಿಲ್ 19, ಸಂಜೆ 4:45

ನನಗೂ ಆಪರೇಷನ್ ಆಗಿ ಐದು ವಾರ. ಕಬ್ಬಿಣ, ಕ್ಯಾಲ್ಸಿಯಂ, ಬಿ12, ಡಿ, ಮಲ್ಟಿವಿಟಮಿನ್ ಎಲ್ಲವನ್ನೂ ಬೆಳಿಗ್ಗೆ ಒಟ್ಟಿಗೆ ನುಂಗಿ ಟೀ ಕುಡಿಯುತ್ತಿದ್ದೇನೆ. ಸರಿಯೇ?

ಪಥ್ಯಾಹಾರ ದಾವಣಗೆರೆ | ಏಪ್ರಿಲ್ 19, ರಾತ್ರಿ 9:30

ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ಕನಿಷ್ಠ ಎರಡು ಗಂಟೆ ಅಂತರ ಬೇಕು. ಒಟ್ಟಿಗೆ ಹೋದರೆ ಒಂದು ಇನ್ನೊಂದನ್ನು ತಡೆಯುತ್ತದೆ. ಟೀಯನ್ನು ಕಬ್ಬಿಣದಿಂದ ದೂರವಿಡಿ. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರಿದರೆ ಗಾಬರಿಯಾಗಬೇಡಿ, ಸಾಮಾನ್ಯವಾಗಿ ಮತ್ತೆ ಬರುತ್ತದೆ. ಮಕ್ಕಳ ಯೋಚನೆಯಿದ್ದರೆ ಮೊದಲ ಹನ್ನೆರಡರಿಂದ ಹದಿನೆಂಟು ತಿಂಗಳು ಬೇಡ. ಮೈಕೈ ನೋವಿಗೆ ಮೆಡಿಕಲ್ ಅಂಗಡಿಯಿಂದ ನೀವೇ ಮಾತ್ರೆ ತರಬೇಡಿ, ಎಷ್ಟೋ ನೋವಿನ ಮಾತ್ರೆಗಳು ಹುಣ್ಣು ಮಾಡುತ್ತವೆ. ಮೂರು ತಿಂಗಳಿಗೆ ರಕ್ತ ಪರೀಕ್ಷೆ ತಪ್ಪಿಸಬೇಡಿ. ವಿಟಮಿನ್ ಜೀವನಪೂರ್ತಿ.

ಚಳ್ಳಕೆರೆಯವನು | ಮೇ 5, ರಾತ್ರಿ 9:10

ಮೂರು ತಿಂಗಳಾಯಿತು. 103 ಕೆ.ಜಿ. ವಿದ್ಯಾನಗರದ ಸರ್ ಜೊತೆ ದಿನಾ ಬೆಳಿಗ್ಗೆ ಕೆರೆಯ ಏರಿಯ ಮೇಲೆ ನಡೆಯುತ್ತೇನೆ. ಅವರು ನನಗಾಗಿ ಹೆಜ್ಜೆ ಸಣ್ಣದು ಮಾಡಿಕೊಂಡಿದ್ದಾರೆ.

ಆಹಾರ ತಜ್ಞೆ ಮೇಡಂ ಅನುಮತಿ ಕೊಟ್ಟ ಮೇಲೆ ನಿನ್ನೆ ಊರಿಗೆ ಹೋಗಿದ್ದೆ. ಅವ್ವ ಎಲ್ಲರಿಗೂ ಮುಷ್ಟಿಗಾತ್ರದ ಮುದ್ದೆ ಕಟ್ಟಿ, ನನಗೆ ಮಾತ್ರ ನಿಂಬೆಹಣ್ಣಿನಷ್ಟು, ಮೆತ್ತಗೆ, ನೀರು ಹೆಚ್ಚಿಟ್ಟು ಕಟ್ಟಿದ್ದಳು. ಮೊದಲು ಬಸ್ಸಾರಿನ ಕಾಳು ತಿಂದೆ. ಆಮೇಲೆ ಕಡಲೆಕಾಳಿನಷ್ಟು ಮುದ್ದೆ ಮುರಿದು ಬಾಯಿಗಿಟ್ಟು ಅಗಿದೆ. ಅವ್ವ ಎದುರು ಕುಳಿತು ನೋಡುತ್ತಿದ್ದಳು, ಏನೂ ಅನ್ನಲಿಲ್ಲ. ಹಲ್ಲಿಗೆ ಅಂಟಿತು, ಬಿಡಿಸಿಕೊಂಡು ಮತ್ತೆ ಅಗಿದೆ. ಇಪ್ಪತ್ತು ಎಣಿಸುವ ಹೊತ್ತಿಗೆ ಬಾಯಲ್ಲಿ ತೆಳ್ಳಗೆ ಸಿಹಿ ಬಂತು. ನಲವತ್ತು ವರ್ಷ ತಿಂದರೂ ರಾಗಿಗೆ ಸಿಹಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಹೇಳಿದೆ. ಅವಳೂ ಒಂದು ಚೂರು ಬಾಯಿಗೆ ಹಾಕಿಕೊಂಡು ಅಗಿದು ನೋಡಿದಳು.

ಮುಕ್ಕಾಲು ಮುದ್ದೆ ತಿಂದೆ, ಉಳಿದದ್ದನ್ನು ಅವಳಿಗೇ ಕೊಟ್ಟೆ. ನಾಳೆ ಬೆಳಿಗ್ಗೆ ರಕ್ತ ಪರೀಕ್ಷೆ ಇದೆ. ಬಿ12, ಕಬ್ಬಿಣದ ವರದಿ ಬಂದ ಮೇಲೆ ಇಲ್ಲಿಯೇ ಹಾಕುತ್ತೇನೆ. ಮೇಡಂ, ದಯವಿಟ್ಟು ಒಮ್ಮೆ ನೋಡಿ.